ಎಡದಂಡೆಯ ಮೀನಿನ ಮೆಟ್ಟಿಲು

ಹೊಳೆಯ ಪಾತ್ರದಲ್ಲಿ ನಾನು ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದೆ. ಬಲದಂಡೆಯಿಂದ ಎಡದಂಡೆಗೆ ಒಡ್ಡು ಎಲ್ಲಿ ಹಾಯಬೇಕು ಎಂದು ತೋರಿಸುವ ಗೆರೆ. ಸುಗ್ಗಿ ಮುಗಿದು ನೀರು ಮೊಣಕಾಲಿಗಿಂತ ಕೆಳಗೆ ಇಳಿದಿತ್ತು. ಬಂಡೆಗಳ ಮೇಲೆ ಪುಡಿ ಚೆನ್ನಾಗಿ ಕೂರುತ್ತಿತ್ತು, ಮರಳಿನ ಮೇಲೆ ಗಾಳಿಗೆ ಹಾರಿಹೋಗುತ್ತಿತ್ತು. ಅಳತೆಯ ಸರಪಳಿ ಹಿಡಿದ ಆಳುಗಳು ಆಚೆ ದಂಡೆಯಲ್ಲಿದ್ದರು. ಬುಟ್ಟಿ ಹೊತ್ತು ಹೊಳೆ ದಾಟುತ್ತಿದ್ದ ಹೆಂಗಸರ ಗುಂಪೊಂದು ಗೆರೆಯ ಹತ್ತಿರ ಬಂದು ನಿಂತಿತು. ಮುಂದಿದ್ದವಳು ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

“ರಂಗೋಲಿ ಹಾಕಾಕ ಸರಕಾರಕ್ಕ ಹೆಣ್ಣುಮಕ್ಕಳು ಸಿಗಲಿಲ್ಲೇನ್ರಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

“ಇಲ್ಲಿ ಒಡ್ಡು ಕಟ್ಟತೇವಿ ಅಕ್ಕಾ. ಅದರ ಗೆರಿ ಇದು.”

“ಎಷ್ಟು ಎತ್ತರ?”

ನಾನು ಕೈ ಮೇಲೆತ್ತಿ ನನ್ನ ತಲೆಗಿಂತ ಎತ್ತರ ತೋರಿಸಿದೆ. ಅವಳ ನಗು ನಿಂತಿತು.

“ಹಂಗಾದ್ರ ಹತ್ತುಮೀನು ಹೆಂಗ ಹತ್ತತಾವ? ಮುಂಗಾರು ಬಿದ್ದ ಕೂಡ್ಲೆ ಕೆಳಗಿನ ದೊಡ್ಡ ಹೊಳಿಯಿಂದ ಮ್ಯಾಲ ಬರತಾವಲ್ಲ, ಅವು. ಅವನ್ನ ಕೇಳೀರಿ? ಹೋಗ್ಲಿ ಬಿಡ್ರಿ, ನಮ್ಮನ್ನ ಕೇಳೀರಿ?”

ನಾನು ಆಗ ಓವರ್ಸಿಯರ್. ಹಾವೇರಿ ಕಡೆಯವನು, ಶಿರ್ಸಿಗೆ ವರ್ಗವಾಗಿ ಬಂದವನು. ಜಿಲ್ಲೆ ಮುಂಬಯಿ ಸರಕಾರದಿಂದ ಮೈಸೂರಿಗೆ ಸೇರಿ ಇನ್ನೂ ಹೊಸತು. ಕಚೇರಿಯಲ್ಲಿ ಹಳೆಯ ಕಾಗದ ಮರಾಠಿಯಲ್ಲಿ, ಹೊಸ ಕಾಗದ ಇಂಗ್ಲಿಷಿನಲ್ಲಿ, ಬೈಗಳು ಮಾತ್ರ ಕನ್ನಡದಲ್ಲಿ ಇರುತ್ತಿದ್ದವು. ಬನವಾಸಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನ ರೈತರು, ತಮ್ಮ ಪಟೇಲರನ್ನು ಮುಂದಿಟ್ಟುಕೊಂಡು ಸಂಘ ಮಾಡಿ, ಹೊಳೆಗೆ ಒಡ್ಡು ಕಟ್ಟಲು ಪರವಾನಗಿ ಕೇಳಿದ್ದರು. ಅರ್ಧ ಕೆಲಸ ಅವರದು, ಅರ್ಧ ಸರಕಾರದ್ದು. ಮುಂಗಾರು ಒಮ್ಮೆ ಬಂದು ಮಧ್ಯೆ ಕೈಕೊಟ್ಟರೆ ಅವರ ಭತ್ತದ ಸಸಿಮಡಿ ಒಣಗುತ್ತಿತ್ತು. ಅದು ಸುಳ್ಳಲ್ಲ, ಬಿಳಿಚಿಕೊಂಡ ಸಸಿಮಡಿಗಳನ್ನು ನಾನೇ ನೋಡಿದ್ದೆ.

ಪರವಾನಗಿಗೆ ಮೊದಲು ಜನರನ್ನು ಕೇಳಬೇಕೆಂಬ ನಿಯಮ ಆಗಲೂ ಇತ್ತು. ಕಾಗದದ ಪ್ರಕಾರ ಕೇಳಿಯಾಗಿತ್ತು. ಶಿರ್ಸಿಯ ತಾಲೂಕು ಕಚೇರಿಯ ಹಲಗೆಗೆ ಜಾಹೀರಾತು ಅಂಟಿಸಿದ್ದರು, ಪಟೇಲರ ಊರಿನಲ್ಲಿ ಡಂಗುರ ಸಾರಿದ್ದರು, ಯಾರದೂ ತಕರಾರಿಲ್ಲ ಎಂದು ಬರೆದಿದ್ದರು. ಅದನ್ನೇ ನಾನು ಅವಳಿಗೆ ಹೇಳಿದೆ.

“ಶಿರ್ಸ್ಯಾಗ? ನಾವು ಸಿದ್ದಾಪುರ ತಾಲೂಕ್ರಿ,” ಎಂದಳು. ಕೈ ತೋರಿಸಿದ ಕಡೆ, ಎಡದಂಡೆಯ ಮೇಲೆ, ಅಂಬಿಗರ ಕೇರಿ ಇತ್ತು. ಮೀನು ಒಣಹಾಕುವ ಚಪ್ಪರಗಳು ಕಾಣುತ್ತಿದ್ದವು. ಎರಡು ತಾಲೂಕುಗಳ ಗಡಿ ಆ ಹೊಳೆಯ ನಡುವೆಯೇ ಹಾದುಹೋಗುತ್ತದೆ ಎಂಬುದು ನನ್ನ ನಕ್ಷೆಯಲ್ಲೂ ಇತ್ತು. ನಕ್ಷೆ ನನ್ನ ಕಂಕುಳಲ್ಲೇ ಇತ್ತು.

ಮರುದಿನ ಕೆಲಸ ನಿಲ್ಲಿಸಿ ಸಿದ್ದಾಪುರಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಪಕ್ಕದ ಮೇಜಿನವರ ಕಡೆ ತಿರುಗಿ, “ಒಡ್ಡಿಂದು ಎಂತಾರೂ ಕಾಗದ ಬಂಜನ?” ಎಂದು ಹವ್ಯಕ ಮಾತಿನಲ್ಲಿ ಕೇಳಿದರು. ಅವರು ತಲೆ ಅಲ್ಲಾಡಿಸಿದರು. ಗುಮಾಸ್ತರು ನನ್ನ ಕಡೆ ತಿರುಗಿ, “ಇಲ್ಲಿಗೆ ಎಂತದೂ ಬಂದಿಲ್ಲ ಮಾರಾಯ್ರೆ. ಹೊಳೆ ಶಿರ್ಸಿಯವರದು ಹೇಳಿ ಮಾಡಿರಬೇಕು,” ಎಂದು ನಕ್ಕರು. ನನಗೆ ನಗಲು ಆಗಲಿಲ್ಲ. ವಾಪಸು ಬರುವಾಗ ಕೇರಿಯ ಮುಂದೆಯೇ ಹಾದುಬರಬೇಕಿತ್ತು. ಅವಳು ಚಪ್ಪರದ ಕೆಳಗಿಂದಲೇ ಕೂಗಿ, “ಏನಂದ್ರು ತಮ್ಮಾ?” ಎಂದಳು. ಹೇಳಿದೆ. ಅವಳು ಒಳಗಿದ್ದವರಿಗೆ ಕೇಳುವಂತೆ, “ನೋಡ್ರವಾ, ನಾವು ಸಿದ್ದಾಪುರದಾಗ ಅದೀವಂತ, ನಮ್ಮ ಹೊಳಿ ಶಿರ್ಸ್ಯಾಗ ಐತೆಂತ!” ಎಂದಳು.

ಕೇರಿಯವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಗಂಡ ತೀರಿಹೋಗಿದ್ದ. ಒಣಮೀನನ್ನು ಬನವಾಸಿ, ಶಿರ್ಸಿ ಸಂತೆಗಳಿಗೆ ಒಯ್ದು ಮಾರುವುದು ಅವಳ ಕೈಯಲ್ಲಿತ್ತು. ಹೊರಗಿನವರೊಡನೆ ಮಾತಾಡುವುದು ಬಂದರೆ ಕೇರಿ ಅವಳನ್ನೇ ಮುಂದೆ ಬಿಡುತ್ತಿತ್ತು. ಅವಳ ಮೈದುನ ಬಲೆ ಬೀಸುವುದರಲ್ಲಿ ಮುಂದು, ಮಾತಿನಲ್ಲಿ ಹಿಂದು. ಅತ್ತಿಗೆಯ ಮಾತಿಗೆ ಎದುರಾಡಿದರೂ ಕೊನೆಗೆ ಅವಳು ಹೇಳಿದ್ದಕ್ಕೆ ಬರುತ್ತಿದ್ದ.

ನಮ್ಮ ಸಾಹೇಬರು ಮೈಸೂರು ಸೀಮೆಯಿಂದ ಬಂದವರು, ಮೆತ್ತಗಿನ ಮನುಷ್ಯ. ಕೆಲಸ ನಿಲ್ಲಿಸಿದ್ದಕ್ಕೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅರ್ಧ ಜನನ ಕೇಳಿ ಅರ್ಧ ಜನನ ಬಿಟ್ಬಿಟ್ರೆ ಕೇಳಿದ ಹಾಗಾಗಲ್ಲ ಕಣ್ರೀ. ಇನ್ನೊಂದು ಸಭೆ ಮಾಡ್ಬಿಡೋಣ, ಹೊಳೆ ಹತ್ರಾನೇ,” ಎಂದರು. ಕಪಾಟಿನಿಂದ ಒಂದು ಹಳೆಯ ಪುಸ್ತಕ ತೆಗೆದು ಒಂದು ಚಿತ್ರ ತೋರಿಸಿದರು. ಒಡ್ಡಿನ ಪಕ್ಕದಲ್ಲಿ ಮೆಟ್ಟಿಲಿನಂತೆ ಒಂದರ ಕೆಳಗೊಂದು ತೊಟ್ಟಿಗಳು. ಮೇಲಿನ ತೊಟ್ಟಿಯಿಂದ ಕೆಳಗಿನದಕ್ಕೆ ನೀರು ಬೀಳುತ್ತದೆ, ಮೀನು ತೊಟ್ಟಿಯಿಂದ ತೊಟ್ಟಿಗೆ ಹಾರಿ ಮೇಲಕ್ಕೆ ಹೋಗುತ್ತದೆ.

“ಇದು ಪರದೇಶದ ಮೀನಿಗೆ. ನಿಮ್ಮ ಮೀನು ಎಗರುತ್ತಾ?”

“ಎಗರತಾವಂತ್ರಿ ಸರ್. ಅದಕ್ಕ ಹತ್ತುಮೀನು ಅಂತಾರ.”

“ಹಾಗಿದ್ರೆ ಆಯ್ತಲ್ಲ,” ಎಂದರು.

ಸಭೆ ಬಲದಂಡೆಯ ಮಾವಿನ ಮರದ ಕೆಳಗೆ ಆಯಿತು. ಪಟೇಲರ ಊರಿನವರಿಗೆ ಜಮಖಾನೆ ಹಾಸಿತ್ತು. ಕೇರಿಯವರು ಬಂದು ಅದರ ಆಚೆ ಮಣ್ಣಿನ ಮೇಲೆ ಕೂತರು. ಯಾರೂ ಅವರಿಗೆ ಅಲ್ಲಿ ಕೂರಿ ಎಂದು ಹೇಳಿರಲಿಲ್ಲ, ಇಲ್ಲಿ ಬನ್ನಿ ಎಂದೂ ಹೇಳಲಿಲ್ಲ. ಸಾಹೇಬರು ಇಂಗ್ಲಿಷಿನ ಕಾಗದ ಓದಿದರು, ನಾನು ಎದ್ದು ನಿಂತು ಕನ್ನಡದಲ್ಲಿ ಹೇಳಿದೆ. ಮೆಟ್ಟಿಲು ಎಲ್ಲಿ ಬರಬೇಕೆಂಬ ಮಾತು ಬಂತು. ನನ್ನ ನಕ್ಷೆಯಲ್ಲಿ ಅದು ಬಲದಂಡೆಗೆ, ಕಾಲುವೆಯ ಬಾಯಿಯ ಪಕ್ಕದಲ್ಲಿ ಇತ್ತು.

ಪಟೇಲರು ಎದ್ದರು. ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ತೂಕದ ಮಾತು. “ನಾವು ಮೀನಿಗೆ ವೈರಿಗಳಲ್ರಿ. ಆದ್ರ ಕಾಲುವಿ ಬಾಯಿ ಬಾಜೂಕ ಇನ್ನೊಂದು ದಾರಿ ಮಾಡಿಕೊಟ್ರ, ನೀರು ಕಾಲುವಿಗೆ ಯಾಕ ಬರತೈತಿ? ಬೇಕಾದ್ರ ಎಡಕ್ಕ ಮಾಡ್ರಿ.”

ಸಾಹೇಬರು ಕೇರಿಯವರ ಕಡೆ ನೋಡಿದರು. ಅಕ್ಕ ಕೂತಲ್ಲಿಂದಲೇ ಹೇಳಿದಳು: “ಎಡಕ್ಕಾದ್ರ ನಮ್ಮ ದಂಡಿ. ಕಸಕಡ್ಡಿ ಸಿಗಿಬಿದ್ರ ನಾವ ತೆಗಿತೇವಿ. ಇನ್ನೊಬ್ಬರ ಹೊಲದಾಗ ಕಾಲಿಟ್ಟು ಮಾತು ಕೇಳೂದು ತಪ್ಪತೈತಿ. ಎಡಕ್ಕ ಇರ್ಲಿ.”

“ಅತ್ತಿಗಿ,” ಎಂದ ಮೈದುನ, “ಕಾಗದದ ಮ್ಯಾಲಿನ ಮೆಟ್ಟಲ ನೋಡಿ ಹೂಂ ಅನಬ್ಯಾಡ. ಮೀನಿಗೆ ಅದು ಅಲ್ಲಿ ಐತಿ ಅಂತ ಯಾರು ಹೇಳತಾರ?”

ಜನ ನಕ್ಕರು. ಸಾಹೇಬರು ನನ್ನ ಕಡೆ ನೋಡಿದರು. “ಮೆಟ್ಟಿಲಿಂದ ನೀರು ಬೀಳತೈತಿ,” ಎಂದೆ ನಾನು. “ನೀರು ಬಿದ್ದಲ್ಲಿಗೆ ಮೀನು ಬರತೈತಿ.” ಮಾತು ಸರಿಯಾಗಿಯೇ ಇತ್ತು. ಹೊಳೆ ಅಲ್ಲಿ ತಿರುವು ತೆಗೆದುಕೊಳ್ಳುತ್ತದೆ, ಮೊದಲ ಮಳೆಯ ನೀರೆಲ್ಲ ಬಲದಂಡೆಗೆ ಒತ್ತಿಕೊಂಡು ಬರುತ್ತದೆ ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಆದರೆ ಆ ಎರಡನ್ನೂ ಸೇರಿಸಿ ಯೋಚಿಸಿದವರು ಯಾರೂ ಇರಲಿಲ್ಲ, ನಾನೂ ಇಲ್ಲ, ಸಾಹೇಬರೂ ಇಲ್ಲ, ಬಲೆ ಬೀಸುವವರೂ ಇಲ್ಲ. ಉಳಿದೆಲ್ಲ ವಿಷಯಕ್ಕೆ ಜಗಳವಾದ ಆ ಸಭೆಯಲ್ಲಿ, ಮೆಟ್ಟಿಲು ಎಡಕ್ಕಿರಲಿ ಎಂಬುದಕ್ಕೆ ಮಾತ್ರ ಎಲ್ಲರೂ ಖುಷಿಯಿಂದ ಒಪ್ಪಿದರು.

ಆದರೂ ಕೇರಿ ಅಂದೇ ಹೆಬ್ಬೆಟ್ಟು ಒತ್ತಲಿಲ್ಲ. ಆಮೇಲೆ ಒಂದು ಮುಂಜಾನೆ ಅಕ್ಕ ನಾಲ್ಕಾರು ಜನರನ್ನು ಕರೆದುಕೊಂಡು ನನ್ನ ಬಿಡಾರಕ್ಕೆ ಬಂದಳು. ನಕ್ಷೆ ಅರ್ಥವಾಗುವುದಿಲ್ಲ, ಕಣ್ಣಿಗೆ ಕಾಣುವಂತೆ ತೋರಿಸು ಎಂದಳು. ನಾನು ಹೊಳೆಯ ಬದಿಯಲ್ಲಿ ಜೇಡಿಮಣ್ಣಿನಿಂದ ಸಣ್ಣ ಒಡ್ಡು ಕಟ್ಟಿ, ಪಕ್ಕದಲ್ಲಿ ತೊಟ್ಟಿಗಳನ್ನು ಕೊರೆದು, ಕೊಡದಿಂದ ನೀರು ಹೊಯ್ದೆ. ನೀರು ಒಂದೊಂದೇ ತೊಟ್ಟಿ ತುಂಬಿ ಚಂದವಾಗಿ ಕೆಳಗಿಳಿಯಿತು. ಅಕ್ಕ ಕುಕ್ಕರಗಾಲಿನಲ್ಲಿ ಕೂತು, ಎರಡು ಬೆರಳನ್ನು ಮೀನಿನ ಹಾಗೆ ಮಾಡಿ, ಕೆಳಗಿನ ತೊಟ್ಟಿಯಿಂದ ಮೇಲಿನದಕ್ಕೆ ಹಾರಿಸುತ್ತ ಹೋದಳು. ಕೊನೆಯ ತೊಟ್ಟಿ ಮುಟ್ಟಿದಾಗ, “ಹತ್ತಿತಲ್ಲೋ!” ಎಂದು ಕೈ ಮೇಲೆತ್ತಿದಳು. ಮೈದುನ ಕೂಡ ನಕ್ಕುಬಿಟ್ಟ. ಅಂದು ಕೇರಿ ಒಪ್ಪಿತು. ಒಪ್ಪಿಸಿದವಳು ಅವಳು. ನನಗೆ ಅಂದು ಎಷ್ಟು ಹೆಮ್ಮೆಯಾಗಿತ್ತೆಂದರೆ, ಬಿಡಾರಕ್ಕೆ ಹೋಗಿ ಊಟ ಮಾಡುವುದನ್ನೂ ಮರೆತಿದ್ದೆ.

ಕೆಲಸ ಸುಲಭವಾಗಿರಲಿಲ್ಲ. ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ. ಬಂದಷ್ಟನ್ನು ಒಡ್ಡಿನ ಮುಖಕ್ಕೆ ಇಟ್ಟು ಉಳಿದದ್ದನ್ನೆಲ್ಲ ಸುಣ್ಣದ ಗಾರೆಯಲ್ಲಿ ಕಟ್ಟಬೇಕಾಯಿತು. ಗಾರೆ ಅರೆಯುವ ಎತ್ತು ಒಂದು ಕಾಯಿಲೆ ಬಿದ್ದು ಕೆಲಸ ನಿಂತಿತು. ಬಲದಂಡೆಯಲ್ಲಿ ಬುನಾದಿಗೆ ಬಂಡೆ ಬೇಗ ಸಿಕ್ಕಿತು. ಅಲ್ಲಿಯೇ, ಕೆಸರು ಮರಳು ಹೊರಹೋಗಲೆಂದು, ಒಡ್ಡಿನಲ್ಲಿ ಒಂದು ಕಿಂಡಿ ಬಿಟ್ಟೆವು. ಅದಕ್ಕೆ ಎರಡೂ ಕಡೆ ಕಲ್ಲಿನಲ್ಲಿ ಉದ್ದ ಜಾಡು ಕೊರೆದು, ಮೇಲಿಂದ ಒಂದರ ಮೇಲೊಂದು ಹಲಗೆ ಇಳಿಸುವ ಹಾಗೆ ಮಾಡಿದೆವು. ಹಲಗೆ ಇಳಿಸಿದರೆ ನೀರು ಏರಿ ಕಾಲುವೆಗೆ ಹೋಗುತ್ತದೆ, ತೆಗೆದರೆ ಹೊಳೆ ಮೊದಲಿನಂತೆ ಹರಿಯುತ್ತದೆ.

ಎಡದಂಡೆ ಮಾತ್ರ ಕಾಡಿತು. ಅಗೆದಷ್ಟೂ ಸಡಿಲ ಮಣ್ಣು. ಮೆಟ್ಟಿಲಿನ ಕೆಳಗಿನ ತೊಟ್ಟಿಗೆ ಗಟ್ಟಿ ನೆಲ ಹುಡುಕುತ್ತ ಹುಡುಕುತ್ತ ಒಡ್ಡಿನಿಂದ ಕೆಳಗೆ ಕೆಳಗೆ ಹೋದೆವು. ಕೊನೆಗೆ ಒಂದು ಬಂಡೆ ಸಿಕ್ಕಾಗ ಮೀನು ಒಳಬರಬೇಕಾದ ಮೆಟ್ಟಿಲಿನ ಬಾಯಿ ಒಡ್ಡಿನ ಬುಡದಿಂದ ಸಾಕಷ್ಟು ದೂರ ಸರಿದಿತ್ತು. ಸಾಹೇಬರು ಬಂದು ನೋಡಿ, ಗಟ್ಟಿ ನೆಲ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟರು. ಕೇರಿಯ ಹೆಂಗಸರು ಕಲ್ಲು ಹೊತ್ತರು. ಮೋಡ ಕಟ್ಟತೊಡಗಿದ್ದರಿಂದ ಕೊನೆಯ ತೊಟ್ಟಿಗಳನ್ನು ಅವಸರದಿಂದ ಮುಗಿಸಿದೆವು. ಅಕ್ಕ ಗಾರೆಯ ಬೋಗುಣಿ ಹೊತ್ತು ಬಂದು, “ತಮ್ಮಾ, ಮೆಟ್ಟಲಕ್ಕ ಒಂದು ಕಟಕಟಿ ಹಚ್ಚಬೇಕಿತ್ತು ನೋಡು, ಮುದುಕ ಮೀನು ಹಿಡಕೊಂಡು ಹತ್ತಾಕ,” ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಮಳೆ ಬಂತು. ಮೊದಲು ಗುಡುಗು, ಆಮೇಲೆ ಎರಡು ದಿನ ಬಿಡದೆ ಹೊಡೆತ. ಪಟೇಲರ ಊರಿನವರು ಕಿಂಡಿಗೆ ಹಲಗೆ ಇಳಿಸಿದ್ದರು. ಕಾಲುವೆಯಲ್ಲಿ ಮೊಟ್ಟಮೊದಲ ಬಾರಿಗೆ ನೀರು ಓಡಿತು. ಕಾಯಿ ಒಡೆದು, ಅರಿಶಿನ ಕುಂಕುಮ ಏರಿಸಿ, ನನಗೊಂದು ಶಲ್ಯ ಹೊದಿಸಿದರು. ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹೊಳೆಯ ಕಡೆಯಿಂದ ಕೂಗು ಕೇಳಿಸಿತು. ಸೈಕಲ್ ಹತ್ತಿ ಧಾವಿಸಿದೆ.

ಒಡ್ಡಿನ ಮೇಲಿಂದ ನೀರು ಬೀಳುತ್ತಿತ್ತು. ಎಡಕ್ಕೆ ತೆಳ್ಳಗೆ, ಬಲಕ್ಕೆ ದಪ್ಪಗೆ, ಭೋರ್ಗರೆದು. ಆ ಬಲಗಡೆಯ ಬುಡದಲ್ಲಿ ಮೀನು ಸೇರಿದ್ದವು. ಎಷ್ಟೆಂದು ಹೇಳಲಾರೆ, ನೀರೇ ಕಾಣುತ್ತಿರಲಿಲ್ಲ. ಬೆರಳುದ್ದದವು, ಮೊಳದುದ್ದದವು, ಒಂದರ ಮೇಲೊಂದು ಏರಿ ಒಡ್ಡಿಗೆ ಹಾರುತ್ತಿದ್ದವು, ಕಲ್ಲಿಗೆ ಬಡಿದು ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ಕೆಳಗಿನ ಊರುಗಳ ಜನ ಕತ್ತಿ, ದೊಣ್ಣೆ, ಬುಟ್ಟಿ ಹಿಡಿದು ನೀರಿಗಿಳಿದಿದ್ದರು. ಬಲೆಯೇ ಬೇಕಿರಲಿಲ್ಲ. ಹೊಡೆದು ಹೊಡೆದು ದಂಡೆಗೆ ಎಸೆಯುತ್ತಿದ್ದರು. ಮೊಟ್ಟೆ ತುಂಬಿದ ಹೊಟ್ಟೆಗಳು ಒಡೆದು ಬಂಡೆಗಳ ಮೇಲೆ ಹಳದಿ ಚೆಲ್ಲಿತ್ತು. ಎಡದಂಡೆಯ ಮೆಟ್ಟಿಲಿನಲ್ಲಿ ನೀರು ನನ್ನ ಜೇಡಿಮಣ್ಣಿನ ಆಟದಲ್ಲಿ ಇಳಿದ ಹಾಗೆಯೇ ಚಂದವಾಗಿ, ಒಂದೊಂದೇ ತೊಟ್ಟಿ ತುಂಬಿ, ಇಳಿಯುತ್ತಿತ್ತು.

ಕೇರಿಯವರು ಒಡ್ಡಿನ ಮೇಲ್ಬದಿಗೆ ಎಡದಂಡೆಯಲ್ಲಿ ಬಲೆ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅವರ ಎದುರಿನ ಹೊಳೆಯಲ್ಲಿ ಏನೂ ಇರಲಿಲ್ಲ. ಅಕ್ಕ ಸೀರೆ ಎತ್ತಿ ಕಟ್ಟಿ ಮೆಟ್ಟಿಲಿಗೆ ಇಳಿದಳು. ಮೇಲಿನ ತೊಟ್ಟಿಯಿಂದ ಶುರುಮಾಡಿ, ಬಗ್ಗಿ, ಎರಡೂ ಕೈಯಿಂದ ನೀರಿನಲ್ಲಿ ತಡಕಾಡುತ್ತ ಕೆಳಗಿನ ತೊಟ್ಟಿಯವರೆಗೆ ಹೋದಳು. ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮೇಲೆ ಬಂದಳು.

ಮೈದುನ ಅವಳಿಗೆ ಹೇಳಲಿಲ್ಲ, ಕೇರಿಗೆಲ್ಲ ಕೇಳುವಂತೆ ಹೇಳಿದ: “ಹೂಂ ಅಂದಾಕಿ ಈಕಿ. ನಾವಲ್ಲ.”

ಒಬ್ಬ ಮುದುಕಿ ಅವಳ ಕಡೆ ಬೆನ್ನು ತಿರುಗಿಸಿ ಕೂತಳು. ಇನ್ನೊಬ್ಬಳು, ಕಲ್ಲು ಹೊತ್ತವಳೇ, “ನಮ್ಮ ಕೈಯಿಂದನ ಕಲ್ಲು ಹೊರಿಸಿದಿಯಲ್ಲ,” ಎಂದಳು. ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು.

“ಅದ್ರಾಗ ಒಂದೂ ಇಲ್ಲ, ಸಾಹೇಬ್ರ,” ಎಂದಳು.

ಅಲ್ಲಿಯವರೆಗೆ ನಾನು ಅವಳಿಗೆ ತಮ್ಮನಾಗಿದ್ದೆ.

ಹಿಂದಿನ ದಿನ ಹೊದಿಸಿದ ಶಲ್ಯವನ್ನೇ ತಲೆಗೆ ಸುತ್ತಿಕೊಂಡು ಬಂದಿದ್ದೆ, ಮಳೆಯೆಂದು. ಅದನ್ನು ಎಳೆದು ತೆಗೆದು ಕಂಕುಳಲ್ಲಿ ಹಿಡಿದುಕೊಂಡೆ. ಅವಳ ಮುಖ ನೋಡುವುದಕ್ಕೆ ಆಗಲಿಲ್ಲ. ಕಿಂಡಿಯ ಹಲಗೆ ತೆಗೆದರೆ ಬಲಗಡೆಗೆ ದಾರಿಯಾಗುತ್ತದೆ ಎಂದು ಹೊಳೆದಿತ್ತು. ಆದರೆ ಒಮ್ಮೆ ಇಳಿಸಿದ ಹಲಗೆ ತೆಗೆಯಲು ಕಚೇರಿಯ ಲಿಖಿತ ಅಪ್ಪಣೆ ಬೇಕಿತ್ತು. “ಶಿರ್ಸಿಗೆ ಹೋಗಿ ಅಪ್ಪಣೆ ತರತೇನಿ,” ಎಂದೆ. ಅದು ನಿಯಮವಾಗಿತ್ತು. ಅಲ್ಲಿಂದ ತಪ್ಪಿಸಿಕೊಳ್ಳುವ ದಾರಿಯೂ ಆಗಿತ್ತು. ಸೈಕಲ್ಲಿನ ಕಡೆ ಎರಡು ಹೆಜ್ಜೆ ಇಟ್ಟೂ ಆಗಿತ್ತು.

“ಹೋಗಿ ಬರ್ರಿ,” ಎಂದಳು ಅಕ್ಕ. “ನೀವು ಬರೂದ್ರಾಗ ಇಲ್ಲಿ ಮೀನು ಉಳಿದಿರೂದಿಲ್ಲ.”

ನಾನು ಸೈಕಲ್ ಬಿಟ್ಟು, ಕೇರಿಯ ದೋಣಿಯಲ್ಲಿ ಬಲದಂಡೆಗೆ ದಾಟಿ, ಕಾಲುವೆಯ ಬಾಯಿಗೆ ನಡೆದೆ. ಪಟೇಲರು ಅಲ್ಲಿಯೇ ಕೊಡೆ ಹಿಡಿದು ನಿಂತಿದ್ದರು. ಅವರ ಊರಿನ ರೈತರೂ ಇದ್ದರು. ಹೊಳೆಯ ಕಡೆ ಅವರು ಬೆನ್ನು ಮಾಡಿದ್ದರು. ಮೀನು ಬಡಿಯುವ ಸಪ್ಪಳ ಅಲ್ಲಿಗೂ ಕೇಳುತ್ತಿತ್ತು.

“ಕಿಂಡಿ ಹಲಗಿ ತೆಗೀಬೇಕ್ರಿ ಪಟೇಲ್ರ,” ಎಂದೆ. “ನನ್ನ ಮೆಟ್ಟಿಲು ಕೆಲಸಕ್ಕ ಬರಲಿಲ್ಲ.”

“ಅಪ್ಪಣೆ ಐತೇನ್ರಿ?”

“ಇಲ್ಲ.”

ಅವರು ಕಾಲುವೆಯ ಕಡೆ ಕೈ ತೋರಿಸಿದರು. “ಹಲಗಿ ತೆಗದ್ರ ಕಾಲುವಿ ಒಣಗತೈತಿ. ನಿನ್ನೆ ಬೀಜ ಚೆಲ್ಲೇವಿ. ಮಳಿ ಹಿಂದ ಸರಿದ್ರ ಸಸಿ ಸುಟ್ಟುಹೋಗತಾವ. ಮುಂದ ನಾವು ಏನು ನೆಡೂಣು?”

ನನ್ನ ಹಿಂದೆ ಅಕ್ಕ ಬಂದು ನಿಂತಿದ್ದಳು. ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಮೈದುನ ಮತ್ತು ಕೇರಿಯ ಗಂಡಸರು. ಅಕ್ಕ ಪಟೇಲರಿಗೇ ನೇರವಾಗಿ ಹೇಳಿದಳು:

“ಗೌಡ್ರ, ಹತ್ತುಮೀನು ಹತ್ತೂದು ನಾಕು ದಿನದ ಮಾತು. ಅಷ್ಟು ದಿನ ಹಲಗಿ ತೆಗೀರಿ. ಮಳಿ ನಿಂತ್ರ ನಿಮ್ಮ ಸಸಿಮಡಿಗೆ ನಾವು ನೀರು ಎತ್ತತೇವಿ. ಏತ ನಿಮ್ಮವು, ಮೈ ನಮ್ಮದು.”

“ಕೇರಿ ಬರತೈತೇನು? ಈಗ ನಿನ್ನ ಮಾತು ಕೇಳವರು ಯಾರದಾರ ಅಲ್ಲಿ?” ಎಂದರು ಪಟೇಲರು. ಚುಚ್ಚಬೇಕೆಂದು ಅಂದದ್ದಲ್ಲ, ನಡೆದದ್ದನ್ನು ಅವರೂ ನೋಡಿದ್ದರು.

ಅಕ್ಕ ತಲೆ ತಗ್ಗಿಸಿದಳು. ಹಿಂದಿನಿಂದ ಮೈದುನ ಹೇಳಿದ: “ಬರತೇವ್ರಿ. ಆಕಿ ಸಲುವಾಗಿ ಅಲ್ಲ. ಮೀನಿನ ಸಲುವಾಗಿ.”

ಪಟೇಲರು ಮೊದಲ ಬಾರಿಗೆ ಹೊಳೆಯ ಕಡೆ ತಿರುಗಿದರು. ಅವರು ಮೀನು ತಿನ್ನುವವರಲ್ಲ, ಮುಟ್ಟುವವರೂ ಅಲ್ಲ. ನೋಡಲಾಗದೆ ಮುಖ ಕಿವುಚಿ, “ಏನ್ರಿ ಇದು, ಕಟುಕರ ಅಂಗಳ ಮಾಡಿಟ್ರಿ ನಮ್ಮ ಹೊಳಿ,” ಎಂದು ನನಗೆ ಹೇಳಿ, ತಮ್ಮ ಆಳುಗಳಿಗೆ ಕೈ ಸನ್ನೆ ಮಾಡಿದರು. ನಾನು, “ಹಲಗಿ ತೆಗೀರಿ, ಹೊಣೆ ನಂದು,” ಎಂದೆ. ಆಗ ಹೇಳಲು ನನಗೆ ಉಳಿದಿದ್ದ ಮಾತು ಅದೊಂದೇ.

ಹಲಗೆಗಳು ನೀರು ಕುಡಿದು ಜಾಡಿನಲ್ಲಿ ಬಿಗಿದುಕೊಂಡಿದ್ದವು. ಕೊಕ್ಕೆ ಹಾಕಿ ಹಗ್ಗ ಎಳೆದರೆ ಕದಲಲಿಲ್ಲ. ಹಾರೆಯಿಂದ ಒಂದು ಮೂಲೆ ಎತ್ತಿ, ಇನ್ನೊಂದು ಮೂಲೆಗೆ ಬೆಣೆ ಹೊಡೆದು ಅಲ್ಲಾಡಿಸಬೇಕಾಯಿತು. ಪಟೇಲರ ಆಳುಗಳ ಜೊತೆ ಮೈದುನ ಹಗ್ಗಕ್ಕೆ ಕೈ ಹಾಕಿದ, ಆಮೇಲೆ ಉಳಿದವರು. ಮೇಲಿನ ಹಲಗೆ ಬಂದಾಗ ನೀರು ಕಿಂಡಿಯೊಳಗೆ ನುಗ್ಗಿ ನಮ್ಮನ್ನೆಲ್ಲ ತೋಯಿಸಿತು. ಒಂದೊಂದಾಗಿ ಉಳಿದವೂ ಬಂದವು. ಒಡ್ಡಿನ ಹಿಂದೆ ನಿಂತ ನೀರು ಇಳಿಯತೊಡಗಿತು. ಮೊದಲು ರಭಸ ಹೆಚ್ಚಾಗಿ ಮೀನು ಹಿಂದಕ್ಕೆ ತೂರಿಹೋದವು. ಇದೂ ಹೋಯಿತು ಎಂದುಕೊಂಡೆ. ಮೇಲಿನ ನೀರು ಇಳಿದಂತೆ ರಭಸ ತಗ್ಗಿತು. ಆಗ ಒಂದು ಕಪ್ಪು ಬೆನ್ನು ಕಿಂಡಿಯೊಳಗೆ ಬಂದು, ಅಲ್ಲೇ ಬಾಲ ಬಡಿಯುತ್ತ ನಿಂತು, ಒಮ್ಮೆಲೆ ಆಚೆ ದಾಟಿತು. ಅದರ ಹಿಂದೆ ಸಾಲು.

ಕೆಳಗಿನ ಊರುಗಳವರು ಬೈದು ಕೂಗಿದರು. ಕೇರಿಯವರು ಬಲೆ ತೆಗೆದುಕೊಂಡು ಮೇಲಕ್ಕೆ ನಡೆದರು. ಕಾಲುವೆಯ ನೀರು ನೋಡುತ್ತಿದ್ದಂತೆ ಇಳಿದು ಕೆಸರು ಕಂಡಿತು. ಪಟೇಲರು ಅದನ್ನು ನೋಡುತ್ತ ಕೊಡೆ ಮಡಚಿದರು. ಮಳೆ ಆಗಲೇ ನಿಂತಿತ್ತು.

ನಿಂತ ಮಳೆ ಬೇಗ ಬರಲಿಲ್ಲ. ಕೇರಿಯವರು ಮಾತಿನಂತೆ ಬಂದರು. ಮೀನು ಹಿಡಿದು, ಸೀಳಿ, ಉಪ್ಪು ಸವರಿ ಒಣಹಾಕುವ ಕೆಲಸ ಮೈಮೇಲಿದ್ದರೂ ಬೆಳಗಿನಲ್ಲಿ ಬಲದಂಡೆಗೆ ದಾಟಿ ಬಂದು ಏತ ಎಳೆದರು. ಹೆಂಗಸರು ಕೊಡದಿಂದ ನೀರು ಹೊತ್ತು ಸಸಿಮಡಿಗೆ ಹೊಯ್ದರು. ಅಕ್ಕನೂ ಬರುತ್ತಿದ್ದಳು. ಅವಳ ಜೊತೆ ಯಾರೂ ನಡೆಯುತ್ತಿರಲಿಲ್ಲ. ಒಂದೋ ಮುಂದೆ, ಇಲ್ಲವೇ ಹಿಂದೆ. ತಪ್ಪಿದ್ದು ನನ್ನ ಮೆಟ್ಟಿಲು. ನೀರು ಹೊರುತ್ತಿದ್ದವರು ಅವರು. ನಾನು ಒಂದು ದಿನ ಏತಕ್ಕೆ ಕೈ ಹಾಕಲು ಹೋದೆ. ಮೈದುನ ಒಳ್ಳೆಯ ಮಾತಿನಲ್ಲೇ, “ಬಿಡ್ರಿ ಸಾಹೇಬ್ರ, ಅಂಗಿ ಕೆಸರಾಗತೈತಿ,” ಎಂದ. ನಾನು ಬಿಟ್ಟೆ. ಬಿಡಬಾರದಿತ್ತೇನೋ.

ಸಾಹೇಬರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ವಿಚಾರಣೆಯಾಗುತ್ತದೆ, ಕೆಲಸ ಹೋದೀತು ಎಂದು ಹೆಂಡತಿಗೂ ಹೇಳಿಟ್ಟಿದ್ದೆ. ಸಾಹೇಬರು ಬಂದು ಕಿಂಡಿ ನೋಡಿದರು, ಏತ ನೋಡಿದರು, ಹಸಿರಾಗಿದ್ದ ಸಸಿಮಡಿ ನೋಡಿದರು. “ಪರವಾಗಿಲ್ವೇ, ಎರಡೂ ಕಡೆಯವರನ್ನ ಸೇರಿಸ್ಬಿಟ್ರಲ್ಲ,” ಎಂದರು. ಮೇಲಿನವರಿಗೆ ಹಾಗೆಯೇ ಬರೆದರು. ಜನರ ಸಹಕಾರ ಎಂಬ ಮಾತು ಆಗ ಎಲ್ಲ ಕಚೇರಿಗಳಲ್ಲೂ ಓಡಾಡುತ್ತಿತ್ತು. ನನ್ನ ಒಡ್ಡು ಅದಕ್ಕೆ ಉದಾಹರಣೆಯಾಯಿತು. ಯಲ್ಲಾಪುರದಲ್ಲಿ ನಮ್ಮಂಥವರನ್ನೆಲ್ಲ ಕರೆದು ಒಂದು ಕೂಟ ನಡೆಸಿದಾಗ, ಜನರನ್ನು ಒಪ್ಪಿಸುವುದು ಹೇಗೆ ಎಂದು ಹೇಳಲು ನನ್ನನ್ನು ನಿಲ್ಲಿಸಿದರು. ಮೆಟ್ಟಿಲು ಸೋತದ್ದನ್ನು ಹೇಳಿದೆ. ಕೇಳುತ್ತಿದ್ದವರು ತಲೆಯಾಡಿಸಿದರು. ಜೇಡಿಮಣ್ಣಿನಿಂದ ಒಡ್ಡು ಮಾಡಿ ತೋರಿಸಿದ್ದನ್ನು ಹೇಳಿದಾಗ ಮಾತ್ರ ಎಲ್ಲರೂ ಬರೆದುಕೊಂಡರು. ಕೊನೆಯಲ್ಲಿ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತ ವಜ್ರಳ್ಳಿ ಕಡೆಯ ಓವರ್ಸಿಯರೊಬ್ಬ ಹೊರಗೆ ಬಂದು ನನ್ನ ಕೈ ಕುಲುಕಿ, “ಎಂತ ಉಪಾಯ ಮಾರಾಯ್ರೆ!” ಎಂದ. ಅವನ ಕೈಯಿಂದ ನನ್ನ ಕೈ ಬಿಡಿಸಿಕೊಂಡು ಬಸ್ಸಿಗೆ ಅವಸರ ಎಂದು ಸುಳ್ಳು ಹೇಳಿ ನಡೆದೆ.

ಒಂದು ಕೆಲಸ ಬಾಕಿ ಇತ್ತು. ಮುಂದಿನ ಮಳೆಗೆ ಪಟೇಲರ ಒಳ್ಳೆಯತನವನ್ನೋ ನನ್ನ ಧೈರ್ಯವನ್ನೋ ನೆಚ್ಚಿ ಕೂರುವಂತಿರಲಿಲ್ಲ. ಮೊದಲ ಮಳೆಗೆ ಕಿಂಡಿ ತೆರೆದಿರಬೇಕು ಎಂಬುದು ಪರವಾನಗಿಯ ಷರತ್ತಾಗಿ ಬರಬೇಕು. ಅದಕ್ಕೆ ಮತ್ತೆ ಸಭೆಯಾಗಬೇಕು. ಸಾಹೇಬರನ್ನು ಒಪ್ಪಿಸಿದೆ. ಈ ಬಾರಿ ಜಾಹೀರಾತು ಸಿದ್ದಾಪುರದಲ್ಲಿ ಅಂಟುವವರೆಗೆ ನಾನು ಅಲ್ಲಿಯೇ ನಿಂತಿದ್ದೆ. ಕೇರಿಯಲ್ಲಿ ಡಂಗುರ ಹೊಡೆಸಿದೆ. ಸಭೆ ಶಿರ್ಸಿಯಲ್ಲಿತ್ತು. ಹಿಂದಿನ ದಿನ ಕೇರಿಗೆ ಹೋದೆ.

ಅಕ್ಕ ಒಂದು ಹರಿದ ಬಲೆ ಸರಿಮಾಡುತ್ತ ಕೂತಿದ್ದಳು. ಬೆಲ್ಲದ ಚಹಾ ಕೊಟ್ಟಳು. ಒಣಹಾಕುವ ದೊಡ್ಡ ಚಪ್ಪರದಲ್ಲಿ ಈಗ ಅವಳಿಗೆ ಜಾಗವಿರಲಿಲ್ಲ. ಮನೆಯ ಮಗ್ಗುಲಲ್ಲಿ ಬೇರೆ ಗಳ ನೆಟ್ಟುಕೊಂಡಿದ್ದಳು.

“ನಾಳೆ ನೀವು ಬರಬೇಕ್ರಿ,” ಎಂದೆ. “ಕಿಂಡಿ ಮಾತು ನಿಮ್ಮ ಬಾಯಿಂದ ಬಂದ್ರ ಅವರು ಕೇಳತಾರ.”

“ಮೈದುನ ಬರತಾನ.”

“ಆತಗ ಮಾತು ಬರೂದಿಲ್ಲ.”

“ಬರದಿದ್ರ ಚಲೋ ಆತಲ್ಲ. ನನಗ ಬಂದು ಏನಾತು?” ಅವಳು ದಾರ ಕಚ್ಚಿ ಕತ್ತರಿಸಿದಳು. “ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ನಿಮಗ ತಿಳಿದಷ್ಟು ನೀವು ಹೇಳಿದ್ರಿ, ನನಗ ತಿಳಿದಷ್ಟು ನಾನು ಹೂಂ ಅಂದೆ. ಆದ್ರ ನಿಮಗ ಶಿರ್ಸ್ಯಾಗ ಮನಿ ಐತಿ. ನಾನು ಇಲ್ಲೇ ಇರಬೇಕು. ಇನ್ನೊಮ್ಮೆ ಹೂಂ ಅನ್ನಾಕ ನನ್ನಿಂದ ಆಗೂದಿಲ್ಲ.”

ಚಹಾ ಕುಡಿದು ಎದ್ದೆ.

ಸಭೆಗೆ ಮೈದುನ ಬಂದ, ಪಟೇಲರೂ ಬಂದರು. ಈ ಬಾರಿ ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತರು. ಮೈದುನ ಎದ್ದು ನಿಂತು ಎರಡು ಮಾತು ಹೇಳುವಷ್ಟರಲ್ಲಿ ಬೆವೆತು ಕೂತುಬಿಟ್ಟ. ಪಟೇಲರು ನಮ್ಮದೇನೂ ಅಡ್ಡಿಯಿಲ್ಲ ಎಂದರು. ಅಂದು ಕಾಲುವೆಯ ಬಾಯಿಯಲ್ಲಿ ಅಕ್ಕ ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ, ಎದ್ದು ಓದಿದೆ. ಹತ್ತುಮೀನು ಹತ್ತುವಷ್ಟು ದಿನ ಕಿಂಡಿ ತೆರೆದಿರಬೇಕು, ಆ ದಿನಗಳಲ್ಲಿ ಮಳೆ ನಿಂತರೆ ಸಸಿಮಡಿಗೆ ನೀರೆತ್ತಲು ಎರಡೂ ದಂಡೆಯವರು ಕೈಗೂಡಿಸಬೇಕು. ಮೇಲಿನಿಂದ ಬಂದಿದ್ದ ಅಧಿಕಾರಿ ತಲೆದೂಗಿದರು.

“ಚೆನ್ನಾಗಿದೆ. ಇದನ್ನ ಹೇಳಿದ್ದು ಯಾರು? ಬಂದಿದಾರಾ?”

“ಇಲ್ಲ ಸರ್.”

“ಯಾಕೆ? ಜಾಹೀರಾತು ಮುಟ್ಟಲಿಲ್ವಾ?”

“ಮುಟ್ಟಿತ್ತು ಸರ್,” ಎಂದೆ. ನನ್ನ ಸಾಹೇಬರು ನನ್ನ ಕಡೆ ನೋಡುತ್ತಿದ್ದರು. ಮೈದುನ ನೆಲ ನೋಡುತ್ತಿದ್ದ. “ಹಿಂದಿನ ಸಭಾಕ್ಕ ಬಂದು ನಮ್ಮ ಮಾತು ನಂಬಿದ್ರು. ಅದಕ್ಕ ಈಗ ಊರಾಗ ಅವರ ಸಂಗಾಟ ಯಾರೂ ಮಾತಾಡೂದಿಲ್ಲ.”

ಅಧಿಕಾರಿ ಪೆನ್ನಿನಿಂದ ಕಾಗದದ ಮೇಲೆ ಏನೋ ಬರೆಯಲು ಹೋಗಿ, ಬರೆಯದೆ, ಕಿಂಡಿಯ ಷರತ್ತಿಗೆ ಮಾತ್ರ ರುಜು ಹಾಕಿದರು.

“ಮುಂದಿನದು ಓದಿ,” ಎಂದರು.

ಮುಂದಿನದು ಕಾಲುವೆಯ ತೂಬಿನ ಬೀಗ ಯಾರ ಹತ್ತಿರ ಇರಬೇಕೆಂಬುದು. ಓದಿದೆ.